ಮಾಳಿಗೆಯ ಮೇಲೆ ಸುಣ್ಣದ ಗೆರೆ

ಹೋದ ವಾರ ಸಿಂಧನೂರಿನಲ್ಲಿ ನನ್ನ ಬಾಡಿಗೆ ಮನೆಯ ಎದುರಿನವರು ಸುಣ್ಣ ನೆನೆಹಾಕಿದ್ದರು. ಈಗೆಲ್ಲ ಡಬ್ಬಿ ಬಣ್ಣದ ಕಾಲ, ಸುಣ್ಣ ಯಾರು ಕೇಳುತ್ತಾರೆ? ಆದರೆ ಎದುರುಮನೆಯ ಅಜ್ಜಿ ಹಟದವಳು. ದನ ಕಟ್ಟುವ ಗೋಡೆಗಾದರೂ ಸುಣ್ಣವೇ ಆಗಬೇಕು ಅಂದಳಂತೆ. ಪೀಪಾಯಿಯಲ್ಲಿ ಕಲ್ಲುಸುಣ್ಣ ಕೊತಕೊತ ಕುದ್ದು, ಮೂಗು ಸುಡುವ ಆ ಬಿಸಿ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಒಲೆಯ ಮೇಲೆ ಹಾಲಿಟ್ಟಿದ್ದೆ. ಅದು ಉಕ್ಕಿ ಹರಿದದ್ದೂ ನನಗೆ ಗೊತ್ತಾಗಲಿಲ್ಲ. ಮಂದಿಗೆ ಮಲ್ಲಿಗೆ ಹೂವೋ, ಅವ್ವನ ಹಳೆ ಸೀರೆಯೋ ಹಿಂದಿನದನ್ನು ನೆನಪಿಗೆ ತರುತ್ತವಂತೆ. ನನ್ನ ಹಣೆಬರಹ ನೋಡಿ, ನನಗೆ ಸುಣ್ಣ. ಆ ವಾಸನೆ ಬಂತೆಂದರೆ ಮಸ್ಕಿ ತಾಲ್ಲೂಕಿನಲ್ಲಿ ಕಳೆದ ಆ ಒಂದು ವರ್ಷಕ್ಕೆ ಹೋಗಿ ನಿಲ್ಲುತ್ತೇನೆ, ಸಂತೆಕಲ್ಲೂರಿನ ಒಂದು ಮಾಳಿಗೆಯ ಮೇಲೆ.

ನಾನು ಭೂಮಿ ಅಳೆಯುವವಳು, ಸರ್ವೇಯರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಿಂಧನೂರು ತಾಲ್ಲೂಕಿನ ಗೊರೇಬಾಳದ ಕಡೆ ಕಾಲುವೆ ನೀರಿನ ಗದ್ದೆಗಳಲ್ಲಿ ಸರಪಳಿ ಎಳೆದಿದ್ದೇನೆ. ಕಬ್ಬಿಣದ ಕೊಂಡಿಗಳ ಉದ್ದನೆಯ ಸರಪಳಿ ಅದು, ಬಿಸಿಲಿಗೆ ಕಾದರೆ ಕೈ ಚುರ್ರೆನ್ನುತ್ತಿತ್ತು. ಒಂದು ತುದಿ ನಾನು ಹಿಡಿದರೆ ಇನ್ನೊಂದು ತುದಿಗೆ ಮತ್ತೊಬ್ಬರು ಬೇಕೇ ಬೇಕು. ಅಳೆಯುವ ದಿನ ಗದ್ದೆಯವನು ಬರುತ್ತಿದ್ದ, ಪಕ್ಕದ ಗದ್ದೆಯವನು ಬರುತ್ತಿದ್ದ, ಎರಡಕ್ಕೂ ಸಂಬಂಧವಿಲ್ಲದ ನಾಲ್ಕು ಜನ ಬೀಡಿ ಹಚ್ಚಿಕೊಂಡು ಬದುವಿನ ಮೇಲೆ ಕೂಡುತ್ತಿದ್ದರು. "ಬಿಗೀ ಹಿಡೀರಿ ಮೇಡಂ, ಆ ಕಡಿಯವ್ರು ಸಡ್ಲ ಬಿಟ್ಟಾರ" ಅಂತ ಒಬ್ಬ, "ಏ ಸುಮ್ಕಿರಲೇ, ಮೇಡಮ್ಮಾರಿಗೆ ಗೊತ್ತೈತಿ" ಅಂತ ಇನ್ನೊಬ್ಬ. ಜಗಳ, ಚಹಾ, ಮತ್ತೆ ಜಗಳ. ಮಧ್ಯಾಹ್ನ ಯಾರದೋ ಮನೆಯಿಂದ ಬುತ್ತಿ ಬರುತ್ತಿತ್ತು. ಗಡಿಯ ಬಾಂದುಕಲ್ಲಿಗಾಗಿ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದವರೂ ಅದೇ ಬುತ್ತಿಯ ರೊಟ್ಟಿ ಮುರಿದುಕೊಂಡು ತಿನ್ನುತ್ತಿದ್ದರು. ಆಗ ನಾನು ಗೊಣಗುತ್ತಿದ್ದೆ, ಈ ಸಂತೆಯಲ್ಲಿ ಕೆಲಸ ಮಾಡುವುದು ಹೆಂಗಪ್ಪಾ ಅಂತ.

ಆಮೇಲೆ ಮೂರು ಕಾಲಿನ ಮೇಲೆ ನಿಲ್ಲಿಸುವ ಯಂತ್ರ ಬಂತು. ಅದಾದ ಮೇಲೆ ರೋವರ್ ಬಂತು. ಆಳೆತ್ತರದ ಒಂದು ಕೋಲು, ಅದರ ತಲೆಗೆ ಬಿಳಿ ಟೊಪ್ಪಿಗೆ. ನೆಲಕ್ಕೂರಿ ನಿಂತರೆ ಸಾಕು, ಆಕಾಶದಲ್ಲಿರುವ ಉಪಗ್ರಹಗಳ ಸಂಗಡ ಅದೇ ಮಾತಾಡಿಕೊಂಡು ನೀನು ನಿಂತದ್ದು ಇಂಥಲ್ಲೇ ಅಂತ ಹೇಳಿಬಿಡುತ್ತದೆ. ಸರಪಳಿ ಬೇಡ, ಆ ತುದಿಯವರು ಬೇಡ. ತರಬೇತಿ ಕೊಡಲು ಬಂದವರು, "ಇನ್ನು ಒಬ್ಬರೇ ಸಾಕು ಮೇಡಂ, ಯಾರ ಕಾಲೂ ಹಿಡಿಯಂಗಿಲ್ಲ" ಅಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸುಳ್ಳೇಕೆ ಹೇಳಲಿ, ಅಳತೆ ಪಕ್ಕಾ ಬರತೊಡಗಿತು. ಒಂದು ದಿನದ ಕೆಲಸ ಒಂದು ತಾಸಿಗೆ ಇಳಿಯಿತು. ಗದ್ದೆಯವರು ಬರುವುದು ನಿಂತಿತು, ಬುತ್ತಿಯೂ ನಿಂತಿತು. ನಾನು ಕೋಲು ಹಿಡಿದು ಬಯಲಿನಲ್ಲಿ ಒಬ್ಬಳೇ ನಿಂತಿರುತ್ತಿದ್ದೆ, ಕಾಲುವೆ ದಂಡೆಯ ಮೇಲಿನ ಬಸ್ಸಿನಿಂದ ಜನ ತಿರುಗಿ ತಿರುಗಿ ನೋಡುತ್ತಿದ್ದರು.

ಆ ವರ್ಷ ಮಳೆಗಾಲದ ಕೊನೆಗೆ ನನ್ನನ್ನು ಮಸ್ಕಿಗೆ ಹಾಕಿದರು. ಹೊಲಗದ್ದೆಗೆ ಹಳೆಯ ನಕ್ಷೆಗಳಿದ್ದವು, ಹಳ್ಳಿಯೊಳಗಿನ ಮನೆಗಳಿಗೆ ಇರಲಿಲ್ಲ. ಊರೊಳಗೆ ಯಾರ ಮನೆ ಎಲ್ಲಿಂದ ಎಲ್ಲಿಗೆ ಎನ್ನುವುದು ಬಾಯಿಮಾತಿನ ಮೇಲೆ ನಡೆದುಬಂದದ್ದು. ಈಗ ಡ್ರೋನ್ ಹಾರಿಸಿ, ಮೇಲಿನಿಂದ ಚಿತ್ರ ತೆಗೆದು, ಪ್ರತಿ ಮನೆಗೂ ಒಂದು ನಂಬರು, ಮಾಲೀಕರ ಹೆಸರಿನ ಒಂದು ಕಾರ್ಡು ಕೊಡಬೇಕು. ಆ ಕೆಲಸಕ್ಕೆ ನಾನು.

ಮಸ್ಕಿಯಲ್ಲಿ ಗುಡ್ಡ ಕಾಣುವಂಥ ಒಂದು ರೂಮು ಹಿಡಿದೆ. ಮಂಚ, ಗ್ಯಾಸಿನ ಒಂಟಿ ಒಲೆ, ಗೋಡೆಗೆ ಹಿಂದಿನವರು ಬಿಟ್ಟುಹೋದ ಮೊಳೆಗಳು. ಮೂಲೆಯ ಖಾನಾವಳಿಯಾಕೆ ಮೊದಲ ದಿನ, "ಎಷ್ಟು ಮಂದೀಗ್ರಿ ರೊಟ್ಟಿ?" ಅಂದಳು. "ಒಬ್ಬಾಕೀಗೆ" ಅಂದೆ. ಮರುದಿನವೂ ಅದೇ ಕೇಳಿದಳು. ವಾರವಾದರೂ ಕೇಳುತ್ತಿದ್ದಳು, ಇವತ್ತಾದರೂ ಯಾರಾದರೂ ಬಂದಿರಬಹುದು ಎನ್ನುವ ಹಾಗೆ. ಆಕೆಯ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಇಳಿದ ಮೇಲೆ ಅಳು ಬರುತ್ತಿತ್ತು, ಅದು ಇನ್ನೂ ಕೆಟ್ಟದ್ದು.

ನನಗೆ ಲಗ್ನವಾಗಲಿಲ್ಲ. ಯಾಕೆ ಅಂತ ಕೇಳಬೇಡಿ, ಆ ಪುರಾಣದಲ್ಲಿ ಅಂಥ ರಸವೇನೂ ಇಲ್ಲ. ಲಿಂಗಸುಗೂರಿನಲ್ಲಿ ತಮ್ಮನ ಮನೆಯಿದೆ. ಅವ್ವ ಇರುವವರೆಗೆ ರಜೆ ಬಂದರೆ ಅಲ್ಲಿಗೆ ಓಡುತ್ತಿದ್ದೆ. ಅವ್ವ ಹೋದ ಮೇಲೂ ತಮ್ಮ, "ನಿಂದೇ ಮನಿ ಐತಿ ಅಕ್ಕಾ, ಯಾವಾಗ ಬೇಕಾದ್ರೂ ಬಾ" ಅನ್ನುತ್ತಿದ್ದ. ಮನಸಾರೆ ಅನ್ನುತ್ತಿದ್ದ, ಸುಳ್ಳಲ್ಲ. ಆದರೆ ಹೋದಾಗಲೆಲ್ಲ ನನ್ನ ಹಾಸಿಗೆ ಹೊಸ ಜಾಗದಲ್ಲಿರುತ್ತಿತ್ತು. ಒಮ್ಮೆ ದೇವರ ಕೋಣೆಯ ಮುಂದೆ, ಒಮ್ಮೆ ಟಿವಿಯ ಮುಂದೆ. ನಾನು ಮಲಗಬೇಕೆಂದರೆ ಅವರು ಟಿವಿ ಆರಿಸಬೇಕು. ಪಾಪ, ಆರಿಸುತ್ತಿದ್ದರು. ಆ ಚಳಿಗಾಲ ಬರುವಷ್ಟರಲ್ಲಿ ನಾನು ಹೋಗುವುದನ್ನು ಕಡಿಮೆ ಮಾಡಿದ್ದೆ, ಅವರೂ ಯಾಕೆ ಬರಲಿಲ್ಲ ಅಂತ ಕೇಳುವುದನ್ನು ಕಡಿಮೆ ಮಾಡಿದ್ದರು.

ಸಂತೆಕಲ್ಲೂರಿಗೆ ಹೋದಾಗ ಹಿಂಗಾರಿ ಜೋಳದ ಬಿತ್ತನೆ ನಡೆದಿತ್ತು. ಕರಿಮಣ್ಣಿನ ಹೊಲಗಳಲ್ಲಿ ಕೂರಿಗೆಯೂ ಟ್ರ್ಯಾಕ್ಟರೂ ಒಟ್ಟಿಗೆ ಓಡಾಡುತ್ತಿದ್ದವು, ತೊಗರಿ ಎದೆಮಟ್ಟ ಬೆಳೆದು ಹಳದಿ ಹೂ ಬಿಟ್ಟಿತ್ತು. ಡ್ರೋನಿನವರು ನಾಡಿದ್ದು ಬರುತ್ತಾರೆ ಅಂದರೆ ಇವತ್ತೇ ನಾನು ಊರಿಗೆ ಹೋಗಿ ಪ್ರತಿ ಮನೆಯವರಿಂದಲೂ ಅವರವರ ಜಾಗದ ಸುತ್ತ ಸುಣ್ಣದ ಗೆರೆ ಹಾಕಿಸಬೇಕು. ಮೇಲೆ ಹಾರುವ ಯಂತ್ರಕ್ಕೆ ನೆಲದ ಮೇಲಿನ ಗಡಿ ಕಾಣುವುದು ಆ ಬಿಳಿ ಗೆರೆಯಿಂದಲೇ. ಇಷ್ಟೆಲ್ಲ ದೊಡ್ಡ ತಂತ್ರಜ್ಞಾನ, ಕಡೆಗೆ ಬಂದು ನಿಂತದ್ದು ಒಂದು ಬೊಗಸೆ ಸುಣ್ಣದ ಮೇಲೆ. ಪಂಚಾಯಿತಿಯ ಕಸದ ಗಾಡಿಯ ಮೈಕಿನಲ್ಲಿ ಸಾರಿಸಿದೆವು. ಊರಿಗೆ ಊರೇ ಬುಟ್ಟಿ ಹಿಡಿದು ಹೊರಬಿತ್ತು. ಒಬ್ಬ ಪಕ್ಕದವನ ಕಡೆ ಗೇಣು ಸರಿಸಿ ಗೆರೆ ಎಳೆದ, ಪಕ್ಕದವನು ಕಾಲಿನಿಂದ ಒರೆಸಿ ಮೊಳ ಸರಿಸಿ ಎಳೆದ. ಇಬ್ಬರ ನಡುವೆ ಆಡುಗಳು ಓಡಾಡಿ ಎರಡನ್ನೂ ಅಳಿಸಿದವು. ಹೆಂಗಸರ ಚಿಂತೆ ಬೇರೆ. "ನಮ್ಮ ಬಚ್ಚಲಕ್ಕ ಮ್ಯಾಲ ಚಾವಣಿ ಇಲ್ರಿ, ಅದರಾಗ ಕಾಣತೈತೇನ್ರಿ?" ಅಂತ ಒಬ್ಬಾಕೆ ಕಿವಿಯಲ್ಲಿ ಕೇಳಿದಳು. ಡ್ರೋನ್ ಬಂದ ದಿನ ಓಣಿ ತುಂಬ ಬಚ್ಚಲುಗಳ ಮೇಲೆ ಸೀರೆ ಹೊದಿಸಿದ್ದರು. ಆಮೇಲೆ ಕಂಪ್ಯೂಟರಿನಲ್ಲಿ ಆ ಊರನ್ನು ನೋಡಿದರೆ ಬರೀ ಮಣ್ಣು ಬಣ್ಣದ ನಡುವೆ ಕೆಂಪು, ಹಸಿರು, ಗುಲಾಬಿ ಚೌಕಗಳು.

ಮಾಬಮ್ಮ ಸಿಕ್ಕಿದ್ದು ಆ ಸುಣ್ಣ ಹಾಕಿಸುವ ದಿನ. ಕೌದಿ ಹೊಲಿಯುವಾಕೆ. ಹಳೆ ಸೀರೆ, ಧೋತರ ಕೊಟ್ಟರೆ ತಿಂಗಳೊಪ್ಪತ್ತಿನಲ್ಲಿ ತುಂಡು ತುಂಡು ಜೋಡಿಸಿ ಕೌದಿ ಮಾಡಿ ಕೊಡುತ್ತಿದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು, ಗಂಡ ತೀರಿ ಕೆಲವು ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಗೊರೇಬಾಳಕ್ಕೆ ಕೊಟ್ಟಿದ್ದಳು. ಮನೆ ಮಾವನ ಕಾಲದ್ದು, ಮಣ್ಣು ಹಾಸಿದ ಚಪ್ಪಟೆ ಮಾಳಿಗೆಯದು. ಗಂಡ ಇದ್ದಾಗಲೇ ಅಣ್ಣತಮ್ಮ ಮಾತಾಡಿಕೊಂಡು ಒಳಗೊಂದು ಅಡ್ಡಗೋಡೆ ಕಟ್ಟಿ ಬೇರೆಯಾಗಿದ್ದರು. ಈ ಕಡೆ ಮಾಬಮ್ಮ, ಆ ಕಡೆ ಮೈದುನ ರಾಜಾಸಾಬ ಮತ್ತವನ ಸಂಸಾರ. ಬಾಗಿಲು ಎರಡು, ಒಲೆ ಎರಡು, ಮಾಳಿಗೆ ಮಾತ್ರ ಒಂದೇ. ಕಟ್ಟೆಯ ಮೇಲೆ ಕೂತು ಹೊಲಿಯುತ್ತಿದ್ದವಳಿಗೆ ನಾನು ಹೇಳಿದೆ:

"ನಾಡದು ಡ್ರೋನ್ ಬರ್ತೈತ್ರಿ. ನಿಮ್ಮ ಮನಿ ಗಡಿ ಎಲ್ಲೈತೋ ಅಲ್ಲಿ ಸುಣ್ಣದ ಗೆರಿ ಹಾಕ್ಬೇಕು."

"ಎಲ್ಲೈತೋ ಅಲ್ಲೇ ಹಾಕ್ಬೇಕೇನ್ರಿ?"

"ಹೂಂ, ಅಲ್ಲೇ."

"ಆತು ಬಿಡ್ರಿ, ಹಾಕ್ತೀನಿ. ನನ್ನ ಹೆಸರ್ಲೆ ಕಾರ್ಡು ಬರ್ತೈತಲ್ರಿ?"

"ಗೆರಿ ಕಂಡ್ರ ಬರ್ತೈತಿ" ಅಂದೆ. ಅವಳು ಸೂಜಿ ಬಿಟ್ಟು ನನ್ನ ಮುಖ ನೋಡಿದಳು. ಆ ಕಾರ್ಡಿನ ಮೇಲೆ ಅವಳ ಆಸೆ ಎಷ್ಟಿತ್ತೆಂದು ಆಗಲೇ ಗೊತ್ತಾಯಿತು.

ಡ್ರೋನ್ ಗುಂಯ್ ಅಂತ ಎದ್ದು, ಚಹಾ ಆರುವುದರೊಳಗೆ ಊರಿನ ಮೇಲೆ ಉದ್ದಕ್ಕೆ ಅಡ್ಡಕ್ಕೆ ಹಾರಿ ಇಳಿಯಿತು. ಕೋಳಿಗಳು ಬಣವೆ ಸೇರಿದವು. ಡ್ರೋನಿನವರು ಅದನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಮುಂದಿನ ಊರಿಗೆ ಹೊರಟೇಬಿಟ್ಟರು. ಸರಪಳಿಯ ಕಾಲದಲ್ಲಾಗಿದ್ದರೆ ಒಂದು ತಿಂಗಳ ಕೆಲಸ. ಅಷ್ಟರಲ್ಲಿ ನನಗೆ ಎಲ್ಲರ ಮನೆಯ ನಾಯಿಯ ಹೆಸರೂ ಗೊತ್ತಾಗಿರುತ್ತಿತ್ತು. ಈಗ ಮನೆಗಳ ನೆತ್ತಿಯನ್ನಷ್ಟೇ ನೋಡಿದ್ದೆ. ಮಸ್ಕಿಗೆ ಹೋಗಿ ರೂಮಿನ ಬಾಗಿಲು ಹಾಕಿಕೊಂಡೆ.

ಚಳಿ ಬಿದ್ದ ಮೇಲೆ ಕಚ್ಚಾ ನಕ್ಷೆ ಬಂತು. ಅದನ್ನು ಹಿಡಿದು ಮನೆ ಮನೆಗೆ ಹೋಗಿ ಸರಿಯಿದೆಯೇ ಅಂತ ಕೇಳಬೇಕು. ಮಾಬಮ್ಮ ಕಣ್ಣು ಕಿರಿದು ಮಾಡಿ ನಕ್ಷೆ ನೋಡಿ, "ಅಯ್ಯ, ಕೌದಿ ಹಾಸಿದಂಗ ಐತಲ್ರಿ ಊರು" ಅಂದಳು. ಆಮೇಲೆ, "ನನ್ನ ಮನಿ ಎಲ್ಲೈತ್ರಿ?"

ನಾನು ಬೆರಳಿಟ್ಟು ತೋರಿಸಿದೆ. ಅಲ್ಲಿ ಒಂದೇ ಚೌಕ, ಒಂದೇ ನಂಬರು. ಹೆಸರು ರಾಜಾಸಾಬನದು. ಮೇಲಿನಿಂದ ಕಂಡದ್ದು ಒಂದೇ ಮಾಳಿಗೆ, ಯಾರ ಮನೆಯೆಂದು ಕೇಳಿದಾಗ ಆ ಬಾಗಿಲಿನವರು ಹೆಸರು ಬರೆಸಿದ್ದರು.

"ನೀವು ಗೆರಿ ಹಾಕಿಲ್ಲಲ್ರಿ ಮಾಬಮ್ಮ."

"ಹಾಕಿಲ್ಲೇನು? ಬರ್ರಿ ಇಲ್ಲಿ" ಅಂತ ನನ್ನ ಮುಂಗೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಹೊಸ್ತಿಲಿನಿಂದ ಹಿಡಿದು ಅಡ್ಡಗೋಡೆಯ ಬುಡಕ್ಕೆ, ಕೌದಿಯ ಹೊಲಿಗೆಯಷ್ಟೇ ನೇರವಾಗಿ, ಒಲೆಯ ಹಿಂದಿನವರೆಗೆ ಸುಣ್ಣದ ಗೆರೆ. ಹೊರಗೆ ಊರಿನವರ ಗೆರೆಗಳನ್ನೆಲ್ಲ ಮಳೆ ತೊಳೆದುಕೊಂಡು ಹೋಗಿತ್ತು. ಇವಳದು ಮಾತ್ರ ಹಾಗೇ ಇತ್ತು. ಅಷ್ಟು ದಿನ ಅದನ್ನು ಬಿಟ್ಟು ಸುತ್ತಲೂ ಕಸ ಹೊಡೆದಿದ್ದಳು.

"ನೀವು ಹೇಳಿದಂಗ ಗಡಿ ಎಲ್ಲೈತೋ ಅಲ್ಲೇ ಹಾಕೀನಿ" ಅಂದಳು.

ನಗು ಬಂತು, ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿತು. "ಚಾವಣಿ ಕೆಳಗಿಂದು ಅದಕ್ಕ ಕಾಣಂಗಿಲ್ರಿ. ಮಾಳಿಗಿ ಮ್ಯಾಲ ಹಾಕ್ಬೇಕಿತ್ತು."

"ಮಾಳಿಗಿ ಮ್ಯಾಲ?" ಅವಳು ದನಿ ಇಳಿಸಿದಳು. "ಅಲ್ಲಿ ಹಾಕಿದ್ರ ಊರಿಗೆಲ್ಲ ಕಾಣತೈತಲ್ರಿ. ಒಳಗ ನಾವು ಬ್ಯಾರೆ ಆಗೀವಿ, ಖರೆ. ಹೊರಗ ಒಂದೇ ಮನಿ ಅಂತ ಅದೀವಿ. ನಮ್ಮ ಮಾವ ಸಾಯಾಕ ಮುಂಚೆ ಇಬ್ರೂ ಮಕ್ಕಳನ್ನ ಕುಂದ್ರಿಸಿಕೊಂಡು ಅದೊಂದೇ ಮಾತು ಕೇಳ್ಯಾನ, ಮಾಳಿಗಿ ಒಡೀಬ್ಯಾಡ್ರಿ ಅಂತ."

ಮಾಳಿಗೆ ಅಂದರೆ ಅಲ್ಲಿಯವರಿಗೆ ಏನೆಂದು ಹೇಳಬೇಕು. ಮಣ್ಣಿನ ಮಾಳಿಗೆಗೆ ಪ್ರತಿ ಬೇಸಿಗೆಯ ಕೊನೆಗೆ, ಮುಂಗಾರು ಬೀಳುವ ಮುಂಚೆ, ನೀರು ಇಳಿಯದ ಸವಳು ಮಣ್ಣು ತಂದು ಹರವಿ ಬಡಿಯಬೇಕು. ಇಲ್ಲದಿದ್ದರೆ ಸೋರುತ್ತದೆ. ಒಲೆ ಬೇರೆಯಾದ ಮೇಲೂ ಈ ಮನೆಯವರು ಆ ಮಣ್ಣು ಮಾತ್ರ ಕೂಡಿಯೇ ಹಾಕುತ್ತಿದ್ದರು. ರಾಜಾಸಾಬ ಹೊತ್ತು ತರುವುದು, ಅವನ ಹೆಂಡತಿ ಬುಟ್ಟಿ ಕೊಡುವುದು, ಮಾಬಮ್ಮ ಮೇಲೆ ಕೂತು ಬಡಿಯುವುದು. ಅವತ್ತು ಮಧ್ಯಾಹ್ನ ಒಂದೇ ಒಲೆಯ ಮೇಲೆ ಎಲ್ಲರಿಗೂ ಅಡುಗೆ. ಅವರು ಒಂದು ಮನೆಯವರಾಗಿ ಉಳಿದದ್ದು ವರ್ಷದ ಆ ಒಂದು ದಿನದಿಂದ.

ರಾಜಾಸಾಬ ಬಂದ. ಸಂತೆಕಲ್ಲೂರಿನಿಂದ ಮಸ್ಕಿಗೆ ಆಟೋ ಓಡಿಸುವವನು, ಕೆಟ್ಟವನಲ್ಲ. ನಕ್ಷೆ ನೋಡಿದ, ವಿಷಯ ಕೇಳಿದ. "ಗೆರಿ ಯಾಕ್ರಿ ಮೇಡಂ? ನಾ ಇರೋತನ ಭಾಬೀನ ಈ ಮನಿಯಿಂದ ಯಾರು ಹೊರಗ ಹಾಕ್ತಾರ? ಇದು ಅವರದೇ ಮನಿ. ಯಾವಾಗ್ಲೂ ಅವರದೇ."

ಈ ಮಾತು ನನಗೆ ಗೊತ್ತಿತ್ತು. ಲಿಂಗಸುಗೂರಿನಲ್ಲಿ ಎಷ್ಟು ಸಲ ಕೇಳಿದ್ದೆ. ಒಳ್ಳೆಯ ಮಾತೇ ಅದು, ಆಡುವವನ ಮನಸ್ಸೂ ಒಳ್ಳೆಯದೇ. ಆದರೆ ಆ ಮಾತಿನ ಮೇಲೆ ಹಾಸಿಗೆ ಹಾಸಿ ಮಲಗಿದವರಿಗೆ ಗೊತ್ತು ಅದು ಎಷ್ಟು ತೆಳುವೆಂದು. ಅದನ್ನು ಅಲ್ಲಿ ಅನ್ನುವ ಹಕ್ಕು ನನಗಿರಲಿಲ್ಲ. ಮಾಬಮ್ಮನೇ ಅಂದಳು:

"ನೀ ಇರೋತನ. ಆಮ್ಯಾಗ?"

ಅವನು ತಮ್ಮ ಮಾತಿನಲ್ಲಿ, ದಖ್ಖನಿಯಲ್ಲಿ, ಮೆಲ್ಲಗೆ ಏನೋ ಹೇಳಿದ. ಅವಳು ನನಗೂ ತಿಳಿಯಲೆಂದು ಕನ್ನಡದಲ್ಲೇ ಉತ್ತರ ಕೊಟ್ಟಳು. "ನಿನ್ನ ಮ್ಯಾಲ ನನಗ ಸಂಶೇ ಇಲ್ಲೋ ಭಾಯಿ. ಆದ್ರ ನನ್ನ ಬಾಗಲಾ ನಾ ಹಾಕ್ಕೊಂಡ್ರ ಅದು ನನ್ನ ಬಾಗಲಾ ಅನಸ್ಬೇಕು. ಮಗಳು ಬಂದ್ರ ನನ್ನ ಮನಿಗೆ ಬಂದಾಳ ಅನಸ್ಬೇಕು. ಇಷ್ಟು ದಿನ ಅನಿಸಿಲ್ಲ."

ರಾಜಾಸಾಬ ಟೋಪಿ ತೆಗೆದು ತಲೆ ಸವರಿಕೊಂಡ. "ಹಾಕ್ಕೋರಿ" ಅಂದ ಕಡೆಗೆ. "ನಾ ಒಪ್ಪಿಗಿ ಬರದು ಕೊಡ್ತೀನಿ. ಆದ್ರ ಒಂದು ಮಾತು. ಗೆರಿ ಬಿದ್ದ ಮ್ಯಾಲ ನನ್ನ ಕಡಿ ಮಣ್ಣು ನಾ ಹಾಕ್ಕೋತೀನಿ, ಅವರ ಕಡೀದು ಅವರು ನೋಡ್ಕೋಬೇಕು. ಊರ ಮುಂದ ಬ್ಯಾರೆ ಆದ ಮ್ಯಾಗ ಒಳಗ ಕೂಡಿ ಇರೂದು ಏನ್ ಚಂದ?" ಸಿಟ್ಟಿನಲ್ಲಿ ಅಂದದ್ದಲ್ಲ. ಅವನ ಕಣ್ಣು ತುಂಬಿದ್ದವು. ಆಟೋ ಚಾಲೂ ಮಾಡಿಕೊಂಡು ಹೋಗಿಬಿಟ್ಟ.

ಆಡು ತುಳಿದು ಗೆರೆ ಚಿತ್ರದಲ್ಲಿ ಮೂಡದ ಕೆಲವು ಓಣಿಗಳಿಗಾಗಿ ಡ್ರೋನ್ ಇನ್ನೊಮ್ಮೆ ಬರುವುದಿತ್ತು. "ಆವತ್ತು ಮಾಳಿಗಿ ಮ್ಯಾಲ ಗೆರಿ ಇದ್ರ ಎರಡು ನಂಬರ ಆಗ್ತಾವ. ಇಲ್ಲಂದ್ರ ಒಂದೇ ಖಾಯಂ. ವಿಚಾರ ಮಾಡ್ರಿ" ಅಂತ ಹೇಳಿ ಬಂದೆ. ಮಸ್ಕಿಯ ರೂಮಿನಲ್ಲಿ ಆ ನಾಲ್ಕೈದು ದಿನ ನಾನೇ ವಿಚಾರ ಮಾಡಿದೆ. ಹಾಕಬೇಡ ಅನ್ನಲೇ, ಹಾಕು ಅನ್ನಲೇ? ಕೂಡಿ ಮಣ್ಣು ಬಡಿಯುವ ಜನ ನನಗಿದ್ದಿದ್ದರೆ ನಾನು ಏನು ಮಾಡುತ್ತಿದ್ದೆ? ಖಾನಾವಳಿಯಾಕೆ ಎಂದಿನಂತೆ ಎಷ್ಟು ಮಂದಿಗೆ ಅಂತ ಕೇಳಿದಳು, ನಾನು ಎಂದಿನಂತೆ ಒಬ್ಬಾಕೆಗೆ ಅಂದೆ.

ಡ್ರೋನ್ ಬರುವ ದಿನ ಬೆಳಿಗ್ಗೆ ಹೋದರೆ ಮಾಬಮ್ಮ ಸುಣ್ಣ ನೆನೆಹಾಕಿ ಕಾಯುತ್ತ ಕೂತಿದ್ದಳು.

ಒಳಗಿನ ಅಡ್ಡಗೋಡೆ ಮಾಳಿಗೆಯ ಮೇಲೆ ಎಲ್ಲಿ ಬರುತ್ತದೆಂದು ಮೊದಲು ಗುರುತು ಮಾಡಬೇಕಿತ್ತು. ರೋವರ್ ಕೋಲನ್ನು ಒಳಗೆ ಒಯ್ದು ಗೋಡೆಗೆ ಆನಿಸಿ ನಿಲ್ಲಿಸಿದೆ. ಅದು ಸುಮ್ಮನೆ ಮಿಣುಕುತ್ತ ನಿಂತಿತು, ಆಕಾಶ ಕಾಣದ ಕಡೆ ಅದಕ್ಕೆ ಏನೂ ತಿಳಿಯುವುದಿಲ್ಲ. ಚೀಲದ ತಳದಲ್ಲಿ ಹಳೆಯ ಟೇಪಿತ್ತು. ಮಾಳಿಗೆ ಹತ್ತಿ, ಅವಳ ಕಡೆಯ ಬೆಳಕಿಂಡಿಯಿಂದ ದಾರಕ್ಕೆ ಕಲ್ಲು ಕಟ್ಟಿ ಕೆಳಗೆ ಇಳಿಬಿಟ್ಟೆ. ಆ ದಾರದಿಂದ ಗೋಡೆಗೆ ಎಷ್ಟು ದೂರವೋ ಮೇಲೆಯೂ ಅಷ್ಟೇ ದೂರಕ್ಕೆ ಗೆರೆ ಬರಬೇಕು. ಮಾಬಮ್ಮ ಕೆಳಗೆ ಟೇಪು ಹಿಡಿದಳು. ಅಂಕಿ ಓದಲು ಬಾರದು, ಅಳತೆ ಬಂದ ಕಡೆ ಟೇಪನ್ನು ಉಗುರಿನಿಂದ ಚಿವುಟಿ ಹಿಡಿದು, ಚಿವುಟಿದ ಕೈ ಬಿಡದೆ ಒಂದೇ ಕೈಯಲ್ಲಿ ಏಣಿ ಹತ್ತಿ ಬಂದಳು. ಮೇಲೆ ಒಂದು ತುದಿ ಅವಳು, ಇನ್ನೊಂದು ತುದಿ ನಾನು. "ಬಿಗೀ ಹಿಡೀರಿ" ಅಂದೆ. ಎಷ್ಟೋ ವರ್ಷಗಳಿಂದ ಆ ಮಾತನ್ನು ಯಾರಿಗೂ ಅಂದಿರಲಿಲ್ಲ, ಅನ್ನಲು ಆ ತುದಿಯಲ್ಲಿ ಯಾರೂ ಇರಲಿಲ್ಲ. ಅವಳು ಬಿಗಿಯಾಗಿಯೇ ಹಿಡಿದಿದ್ದಳು.

ಸುತ್ತಲಿನ ಮಾಳಿಗೆಗಳ ಮೇಲೆ ಹೆಂಗಸರು ಮೆಣಸಿನಕಾಯಿ ಹರವುತ್ತಿದ್ದರು. ಅವಳು ಗಡಿಗೆ ತೆಗೆದುಕೊಂಡು ಬಗ್ಗಿ ಸುಣ್ಣ ಸುರಿಯತೊಡಗಿದ್ದೇ ಎಲ್ಲರ ಕೈ ನಿಂತವು. ಪಕ್ಕದ ಮಾಳಿಗೆಯಿಂದ ಒಬ್ಬಾಕೆ ಕೇಳಿಯೇಬಿಟ್ಟಳು, "ಏನ್ ಮಾಬಮ್ಮಾ, ಬ್ಯಾರೆ ಆದ್ರೇನು?"

ಮಾಬಮ್ಮ ತಲೆಯೆತ್ತಲಿಲ್ಲ. ಗೆರೆ ಅರ್ಧಕ್ಕೆ ಬಂದಾಗ ಒಮ್ಮೆ ಕೈ ತಡೆದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಬೇಕೆಂತಲೇ ಬೇರೆ ಕಡೆ ನೋಡಿದೆ. ಮತ್ತೆ ಬಗ್ಗಿ ಆ ಅಂಚಿನವರೆಗೆ ಎಳೆದಳು. ಕೆಳಗೆ ಓಣಿಯಲ್ಲಿ ರಾಜಾಸಾಬನ ಹೆಂಡತಿ ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿಸಿತು. ಡ್ರೋನ್ ಬಂತು, ಹಾರಿತು, ಹೋಯಿತು.

ಬೇಸಿಗೆಯಲ್ಲಿ ಕಾರ್ಡುಗಳು ಬಂದವು. ಎರಡು ಚೌಕ, ಎರಡು ನಂಬರು. ಮಾಬಮ್ಮನ ಕೈಗೆ ನಾನೇ ಕೊಟ್ಟೆ. ಓದಲು ಬಾರದವಳು ಹೆಸರು ಎಲ್ಲಿದೆಯೆಂದು ಕೇಳಿ, ಆ ಜಾಗದ ಮೇಲೆ ಹೆಬ್ಬೆರಳಿಟ್ಟು ನೋಡಿದಳು. ಚಹಾ ಮಾಡಿದಳು. ಆ ಕಡೆಯ ಬಾಗಿಲಿನಿಂದ ಯಾರೂ ಬರಲಿಲ್ಲ.

ಮುಂಗಾರು ಹಿಡಿದ ಮೇಲೆ ನನ್ನನ್ನು ಮತ್ತೆ ಸಿಂಧನೂರಿಗೆ ಹಾಕಿದರು. ರೂಮು ಖಾಲಿ ಮಾಡುವ ಮುಂಚೆ ಅವಳಿಗೆ ಹೇಳಿ ಹೋಗೋಣವೆಂದು ಸಂತೆಕಲ್ಲೂರಿಗೆ ಹೋದೆ. ಬಸ್ಸು ಇಳಿಯುವಷ್ಟರಲ್ಲಿ ಮಳೆ ಜೋರಾಯಿತು. ಓಡಿ ಅವಳ ಬಾಗಿಲಿಗೆ ಹೋದೆ. ಒಳಗೆ ಅಡ್ಡಗೋಡೆಯ ಉದ್ದಕ್ಕೂ ಕೊಡ, ತಪ್ಪೇಲಿ, ಪರಾತ, ಸಿಕ್ಕಿದ್ದನ್ನೆಲ್ಲ ಸಾಲಾಗಿ ಇಟ್ಟಿದ್ದಳು. ಎಲ್ಲದರಲ್ಲೂ ಟಪ್ ಟಪ್ ಅಂತ ನೀರು ಬೀಳುತ್ತಿತ್ತು. ತಾನು ಒಣಗಿದ ಮೂಲೆಯಲ್ಲಿ ಕೂತು ಯಾರದೋ ಕೌದಿ ಹೊಲಿಯುತ್ತಿದ್ದಳು.

"ಮಣ್ಣು ಹಾಕ್ಲಿಲ್ಲೇನ್ರಿ?" ಅಂದೆ.

"ಹಾಕೀವಿ. ಅವಂದು ಅವ ಹಾಕ್ಕೊಂಡ, ನಂದು ನಾ ಕೂಲಿ ಹಚ್ಚಿ ಹಾಕಿಸಿಕೊಂಡೆ. ನಡುವ ಗೆರಿ ಇದ್ದ ಜಾಗಾ ಇಬ್ರೂ ಬಿಟ್ಟೀವಿ. ಅಲ್ಲಿ ಮಣ್ಣು ಹಾಕಿದ್ರ ಗೆರಿ ಮುಚ್ಚಿದಿ ಅಂತಾನ ಅಂತ ನಾ ಹಾಕ್ಲಿಲ್ಲ. ತನ್ನ ಕಡಿ ಸರಿಸಿಕೊಂಡ ಅಂತಾಳ ಅಂತ ಅವನೂ ಹಾಕ್ಲಿಲ್ಲ." ಸೂಜಿಯಿಂದ ಗೋಡೆ ತೋರಿಸಿದಳು. "ಆ ಕಡೀನೂ ಸೋರಾಕತ್ತೈತಿ. ಕೇಳ್ರಿ."

ಕೇಳಿದೆ. ಗೋಡೆಯಾಚೆಯೂ ಹಿತ್ತಾಳೆಯ ಪಾತ್ರೆಯಲ್ಲಿ ನೀರು ಬೀಳುವ ಸಪ್ಪಳ.

"ಕರೀಬಾರದೇನ್ರಿ ಅವನ್ನ? ಇಬ್ರೂ ಕೂಡಿ ನಾಲ್ಕು ಬುಟ್ಟಿ ಮಣ್ಣು ಹಾಕಿದ್ರ ಮುಗೀತು."

"ಅವ ಕರೀಲಿ ಅಂತ ನಾ ಅದೀನಿ, ನಾ ಕರೀಲಿ ಅಂತ ಅವ ಅದಾನ. ರಮಜಾನಕ್ಕ ನಾ ಮಾಡಿದ ಹಾಲು ಶಾವಿಗಿ ಸುರಕುಂಬಾ ಇಲ್ಲದ ಅವ ಹೊರಗ ಬೀಳ್ತಿದ್ದಿಲ್ಲ. ಈ ಸಲ ನಾ ಕಳಿಸಲಿಲ್ಲ, ಅವ ಕೇಳಲಿಲ್ಲ. ಒಬ್ಬಾಕೇ ಕುಂತು ಕುಡದೆ ನೋಡ್ರಿ, ಗಂಟಲದಾಗ ಇಳೀಲಿಲ್ಲ."

"ಗೆರಿ ಹಾಕ್ಬಾರದಿತ್ತು ಅನಸ್ತೈತೇನ್ರಿ?"

ಅವಳು ದಾರ ಹಲ್ಲಿನಿಂದ ಕಡಿದು, ಇನ್ನೊಂದು ಪೋಣಿಸಿದಳು. "ಇಲ್ರಿ" ಅಂದಳು. "ಮದ್ಲೂ ಒಂದೀಟು ಸೋರ್ತಿತ್ತು. ಆವಾಗ ಮೈದುನನ ಮನಿ ಸೋರ್ತಿತ್ತು. ಈಗ ನನ್ನ ಮನಿ ಸೋರ್ತೈತಿ."

ಹೊರಗೆ ಕತ್ತಲೆ ಕವಿಯುತ್ತಿತ್ತು. ಬಸ್ಸಿನ ಹೊತ್ತಾಯಿತೆಂದು ಎದ್ದೆ.

"ಈ ಮಳ್ಯಾಗ ಎಲ್ಲಿಗೆ? ಯಾರರ ಹಾದಿ ಕಾಯ್ತಾರೇನು?"

"ಇಲ್ಲ" ಅಂದೆ. ಬೇರೆ ಯಾರಾದರೂ ಕೇಳಿದ್ದರೆ ಕಾಯುತ್ತಾರೆ ಅಂತ ಸುಳ್ಳು ಹೇಳುತ್ತಿದ್ದೆನೇನೋ.

ಮಾಬಮ್ಮ ಹೊಲಿಯುತ್ತಿದ್ದ ಕೌದಿಯನ್ನು ಪಕ್ಕಕ್ಕಿಟ್ಟಳು. ಪರಾತವನ್ನು ಕಾಲಿನಿಂದ ಆ ಕಡೆ ಸರಿಸಿ, ತಾನು ಸೋರುವ ಕಡೆ ಒತ್ತಿಕೊಂಡು, ಒಣಗಿದ ಮೂಲೆಯಲ್ಲಿ ಇನ್ನೊಬ್ಬರು ಕೂಡುವಷ್ಟು ಜಾಗ ಮಾಡಿದಳು.

"ಕೂಡು ತಂಗಿ" ಅಂದಳು. "ಇವತ್ತು ಇಲ್ಲೇ ಇರು. ಮದ್ಲಾಗಿದ್ರ ಆ ಕಡಿಯವ್ರನ್ನ ಒಂದ್ ಮಾತು ಕೇಳ್ಬೇಕಾಗ್ತಿತ್ತು. ಈಗ ಯಾರನ್ನೂ ಕೇಳೂದಿಲ್ಲ."

ಬಸ್ಸು ಬಂದು, ಹಾರ್ನ್ ಹಾಕಿ, ಹೋಯಿತು. ಅವಳು ಎರಡು ತಾಟು ತೆಗೆದಿಟ್ಟು ಹಿಟ್ಟು ನಾದಲು ಕೂತಳು.